ಸ್ಯಾಟ್ ಅಂಕ ಕಡಿಮೆ ಬಂದ ಮಗಳು ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ಬಗೆ

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ನಮ್ಮ ಯಜಮಾನರು ಎರಡು ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮಗಳು ಈಗ ದ್ವಿತೀಯ ಪಿಯುಸಿ, ಪಿಸಿಎಂಬಿ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611, ಪ್ರಥಮ ಪಿಯುಸಿಯಲ್ಲಿ ಶೇ 93 ಬಂದಿದೆ. ಏಳನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸಸ್ಯವಿಜ್ಞಾನ ಓದಲು ಅಮೆರಿಕದ ಒಳ್ಳೆಯ ಕಾಲೇಜಿಗೆ ಸೇರಬೇಕೆಂಬುದು ಅವಳ ಆಸೆ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ಹೋಗಿ, ಅಮೆರಿಕದ ಕಾಲೇಜುಗಳು ಪ್ರವೇಶಾತಿಗೆ ನೋಡುವ ಸ್ಯಾಟ್ ಪರೀಕ್ಷೆ ಬರೆದಳು. ಬಂದದ್ದು 1290, ಗಣಿತದಲ್ಲಿ 720, ಇಂಗ್ಲಿಷ್ ಓದು ಮತ್ತು ಬರಹದಲ್ಲಿ 570. 1500 ಇಲ್ಲದಿದ್ದರೆ ಅರ್ಜಿ ಹಾಕುವುದೇ ದಂಡ ಎಂದು ಕೋಚಿಂಗ್‌ನವರೊಬ್ಬರು ಹೇಳಿದ್ದಾರೆ. ಈ ಅಂಕ ಕಳಿಸಬೇಕೋ, ಬಿಡಬೇಕೋ, ಮತ್ತೆ ಬರೆಸಬೇಕೋ? ನಾಲ್ಕು ವರ್ಷದಿಂದ ಅವಳು ತೋಟದಲ್ಲಿ ಮಳೆಯ ಲೆಕ್ಕ ಮತ್ತು ಕೊಳೆ ರೋಗ ಬಂದ ಮರಗಳ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. ಅದು ಅರ್ಜಿಯಲ್ಲಿ ಹೇಳುವಂಥದ್ದೇ? ಪೂರ್ತಿ ನೆರವು ಸಿಗದಿದ್ದರೆ ನಮ್ಮ ಕೈಯಲ್ಲಿ ಆಗುವುದಿಲ್ಲ. ಇದರ ನಡುವೆ ಸಿಇಟಿಗೆ ಓದುವುದನ್ನು ಬಿಡಿಸಬೇಕೇ?

ಉತ್ತರ: ಅರ್ಜಿ ಹಾಕುವುದು ದಂಡವಲ್ಲ. ಆದರೆ ಯಾವ ಕಾಲೇಜಿಗೆ ಹಾಕುತ್ತೀರಿ, ಅಂಕದ ಜೊತೆಗೆ ಅಥವಾ ಅಂಕದ ಬದಲಿಗೆ ಇನ್ನೇನನ್ನು ಕಳಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ಕಾಲೇಜುಗಳಲ್ಲಿ ಪ್ರವೇಶಾತಿ ನಡೆಯುವ ರೀತಿ ನಮ್ಮ ಸಿಇಟಿಯಂತೆ ರ್‍ಯಾಂಕ್ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಸೀಟು ಹಂಚುವಂಥದ್ದಲ್ಲ. ಅಲ್ಲಿ ಸ್ಯಾಟ್ ಅಂಕ ಒಂದು ಪುರಾವೆ ಮಾತ್ರ. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಓದಿ, ಬರೆದು, ಲೆಕ್ಕ ಮಾಡಿ ದಡ ಸೇರುವ ಶಕ್ತಿ ಈ ಹುಡುಗಿಗೆ ಇದೆಯೇ ಎಂಬ ಪ್ರಶ್ನೆಗೆ ಕಾಲೇಜು ಹುಡುಕುವ ಉತ್ತರಗಳಲ್ಲಿ ಅದೂ ಒಂದು. ಆ ಪುರಾವೆ ದುರ್ಬಲವಾಗಿದ್ದರೆ ಅದೇ ಪ್ರಶ್ನೆಗೆ ಬೇರೆ ಪುರಾವೆ ಒದಗಿಸಬೇಕು. ಸಂಬಂಧವಿಲ್ಲದ ಪ್ರಮಾಣಪತ್ರಗಳನ್ನು ರಾಶಿ ಹಾಕಿದರೆ ಉಪಯೋಗವಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಗಣಿತದ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಅನುಮಾನವೆಲ್ಲ ಆ 570ರಲ್ಲಿದೆ.

ಮೊದಲು 1290 ಎಂದರೆ ಏನು ಎಂಬುದನ್ನು ನೋಡೋಣ. ಸ್ಯಾಟ್ ಅಂಕ 400ರಿಂದ 1600ರವರೆಗೆ ಇರುತ್ತದೆ. ಎರಡು ವಿಭಾಗಗಳಿಗೂ ತಲಾ 200ರಿಂದ 800. ಅಮೆರಿಕದಲ್ಲಿ 2024ರಲ್ಲಿ ಹೈಸ್ಕೂಲು ಮುಗಿಸಿ ಸ್ಯಾಟ್ ಬರೆದಿದ್ದವರ ಸರಾಸರಿ 1024. ಆ ಲೆಕ್ಕದಲ್ಲಿ 1290 ಒಳ್ಳೆಯ ಅಂಕವೇ. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ಅದನ್ನು ಸಂತೋಷದಿಂದ ನೋಡುತ್ತವೆ. ಆದರೆ ನೂರು ಅರ್ಜಿಯಲ್ಲಿ ಹತ್ತಕ್ಕಿಂತ ಕಡಿಮೆ ಆರಿಸುವ ಕಾಲೇಜುಗಳಲ್ಲಿ ಅಂಕ ಕಳಿಸಿ ಸೇರಿದವರ ಕೆಳಗಿನ ಕಾಲು ಭಾಗದ ಗೆರೆಯೇ ಸಾಮಾನ್ಯವಾಗಿ 1500ರ ಆಸುಪಾಸಿನಲ್ಲಿರುತ್ತದೆ. ಕೋಚಿಂಗ್‌ನವರು ಹೇಳಿದ 1500 ಅಲ್ಲಿಂದ ಬಂದದ್ದು. ಅವರ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಉಳಿದ ಅರ್ಧವನ್ನು ವಿವರವಾಗಿ ಹೇಳುತ್ತೇನೆ.

2020ರಲ್ಲಿ ಕೊರೊನಾ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಅಮೆರಿಕದ ಬಹುತೇಕ ಕಾಲೇಜುಗಳು ಸ್ಯಾಟ್ ಕಡ್ಡಾಯವನ್ನು ಕೈಬಿಟ್ಟವು. ಬಳಿಕ ಹಲವು ಕಾಲೇಜುಗಳು ಒಂದೊಂದಾಗಿ ಹಿಂದಿನ ನಿಯಮಕ್ಕೆ ಮರಳಿದವು. ಎಂಐಟಿ (ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ) 2022ರ ಮಾರ್ಚ್‌ನಲ್ಲೇ ಮರಳಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್, ಕಾರ್ನೆಲ್, ಸ್ಟ್ಯಾನ್‌ಫರ್ಡ್ ಮರುಕಡ್ಡಾಯವನ್ನು ಪ್ರಕಟಿಸಿದವು. 2025ರ ಫೆಬ್ರುವರಿಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವೂ ಆ ಸಾಲಿಗೆ ಸೇರಿತು. ಯೇಲ್ ಮಾತ್ರ ಸ್ಯಾಟ್ ಅಥವಾ ಅದರಂಥದೇ ಎಸಿಟಿ ಪರೀಕ್ಷೆಯ ಬದಲಿಗೆ ಎಪಿ ಅಥವಾ ಐಬಿ ಎಂಬ ಮೇಲ್ಮಟ್ಟದ ಹೈಸ್ಕೂಲು ಪಠ್ಯಕ್ರಮಗಳ ಪರೀಕ್ಷೆಯ ಅಂಕ ಕೊಟ್ಟರೂ ಆಗುತ್ತದೆ ಎಂದಿತು. ಅಂಕ ಕಡ್ಡಾಯವಿರುವ ಇಂಥ ಕಡೆ 1290 ಇಟ್ಟುಕೊಂಡು ಹೊರದೇಶದಿಂದ ಅರ್ಜಿ ಹಾಕುವವರಿಗೆ ದಾರಿ ಬಹಳ ಕಿರಿದು ಎಂದು ನಾನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅರ್ಜಿಯ ಶ್ರಮವನ್ನು ಅಲ್ಲಿ ಸುರಿಯಬೇಡಿ. ಅಕ್ಟೋಬರ್ ಹೊತ್ತಿಗೆ ಅಂಕ ಗಣನೀಯವಾಗಿ ಏರಿದರೆ ಒಂದನ್ನೋ ಎರಡನ್ನೋ ಸೇರಿಸಿಕೊಳ್ಳಬಹುದು.

ಇದಕ್ಕೆ ಪೂರ್ತಿ ಎದುರು ತುದಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಿದೆ. ಬರ್ಕ್‌ಲಿ, ಲಾಸ್ ಏಂಜಲೀಸ್, ಡೇವಿಸ್ ಮುಂತಾದ ಅದರ ಕ್ಯಾಂಪಸ್‌ಗಳು ಪ್ರವೇಶಾತಿಯಲ್ಲಿ ಸ್ಯಾಟ್ ಅಂಕವನ್ನು ನೋಡುವುದೇ ಇಲ್ಲ. ಡೇವಿಸ್ ಸಸ್ಯವಿಜ್ಞಾನಕ್ಕೆ ಹೆಸರುವಾಸಿ, ಹಾಗಾಗಿ ನಿಮ್ಮ ಮಗಳ ಕಣ್ಣು ಅತ್ತ ಹೋಗುವುದು ಸಹಜ. ಆದರೆ ಅದು ಸರ್ಕಾರಿ ವಿಶ್ವವಿದ್ಯಾಲಯ. ಹೊರದೇಶದ ಪದವಿ ವಿದ್ಯಾರ್ಥಿಗಳಿಗೆ ಕುಟುಂಬದ ಆದಾಯ ನೋಡಿ ಕೊಡುವ ನೆರವು ಅಲ್ಲಿ ಇಲ್ಲವೆಂದೇ ತಿಳಿಯಿರಿ. ಪೂರ್ತಿ ನೆರವು ಬೇಕಾದ ನಿಮಗೆ ಆ ಬಾಗಿಲು ಅಂಕದಿಂದಲ್ಲ, ಹಣದಿಂದ ಮುಚ್ಚಿದೆ.

ನಿಮ್ಮ ಮಗಳಿಗೆ ಹೊಂದುವುದು ಇವೆರಡರ ನಡುವಿನ ಗುಂಪು, ಅಂದರೆ ಅಂಕ ಕಳಿಸುವುದನ್ನು ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟಿರುವ ಕಾಲೇಜುಗಳು. ಇದನ್ನು ಅಲ್ಲಿ ಟೆಸ್ಟ್ ಆಪ್ಷನಲ್ ಎನ್ನುತ್ತಾರೆ. ಇದು ಕೊರೊನಾ ಕಾಲದಲ್ಲಿ ಹುಟ್ಟಿದ ರಿಯಾಯಿತಿ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಮೇಯ್ನ್ ರಾಜ್ಯದ ಬೋಡನ್ ಕಾಲೇಜು 1969ರಿಂದ, ಅದೇ ರಾಜ್ಯದ ಬೇಟ್ಸ್ 1984ರಿಂದ, ಮಸಾಚುಸೆಟ್ಸ್‌ನ ಮೌಂಟ್ ಹೋಲ್ಯೋಕ್ ಎಂಬ ಮಹಿಳಾ ಕಾಲೇಜು 2001ರಿಂದ ಈ ಪದ್ಧತಿ ಇಟ್ಟುಕೊಂಡಿವೆ. ಇಷ್ಟು ವರ್ಷ ಅಂಕವಿಲ್ಲದ ಅರ್ಜಿಗಳನ್ನು ಓದಿ ಪಳಗಿದ ಅಧಿಕಾರಿಗಳು ಅಲ್ಲಿದ್ದಾರೆ. ಇತ್ತೀಚೆಗಷ್ಟೇ ನಿಯಮ ಸಡಿಲಿಸಿದ ಕಾಲೇಜಿಗಿಂತ ಇಂಥ ಕಡೆ ಅಂಕ ಕಳಿಸದ ವಿದ್ಯಾರ್ಥಿಯ ಕಡತ ಹೆಚ್ಚು ನ್ಯಾಯವಾಗಿ ತೂಗಲ್ಪಡುತ್ತದೆ ಎಂಬುದು ನನ್ನ ಅಭಿಪ್ರಾಯ. ಇವೆಲ್ಲ ಲಿಬರಲ್ ಆರ್ಟ್ಸ್ ಕಾಲೇಜುಗಳು. ಹೆಸರು ಕೇಳಿ ಕಲಾ ವಿಭಾಗ ಎಂದುಕೊಳ್ಳಬೇಡಿ. ಜೀವವಿಜ್ಞಾನ, ರಸಾಯನವಿಜ್ಞಾನ ಎಲ್ಲವನ್ನೂ ಸಣ್ಣ ತರಗತಿಗಳಲ್ಲಿ ಚೆನ್ನಾಗಿ ಕಲಿಸುತ್ತಾರೆ, ಪ್ರಯೋಗಾಲಯದಲ್ಲಿ ಪದವಿ ವಿದ್ಯಾರ್ಥಿಗಳಿಗೇ ಪ್ರಾಧ್ಯಾಪಕರ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಅವಕಾಶ ಸಿಗುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತವೆ. ಪ್ರಿನ್ಸ್‌ಟನ್ ಕೂಡ 2027–28ರ ಪ್ರವೇಶಾತಿ ಸುತ್ತಿನಿಂದ ಅಂಕವನ್ನು ಮತ್ತೆ ಕಡ್ಡಾಯ ಮಾಡುವುದಾಗಿ ಹೇಳಿದೆ. ಆದ್ದರಿಂದ ಪ್ರತಿ ಕಾಲೇಜಿನ ಪ್ರವೇಶಾತಿ ಪುಟವನ್ನು ಆಗಸ್ಟ್‌ನಲ್ಲಿ ಒಮ್ಮೆ ಅವಳೇ ತೆರೆದು ಓದಲಿ.

ಇನ್ನು ಕಳಿಸಬೇಕೋ ಬೇಡವೋ ಎಂಬ ಪ್ರಶ್ನೆ. ಪ್ರತಿ ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಎಂಬ ಪದ ಸೇರಿಸಿ ಹುಡುಕಿದರೆ ಆ ಕಾಲೇಜು ತಾನೇ ಪ್ರಕಟಿಸಿದ ಒಂದು ದಾಖಲೆ ಸಾಮಾನ್ಯವಾಗಿ ಸಿಗುತ್ತದೆ. ಅದರ ಸಿ9 ಎಂಬ ಭಾಗದಲ್ಲಿ ಸೇರಿದವರಲ್ಲಿ ಶೇಕಡ ಎಷ್ಟು ಮಂದಿ ಸ್ಯಾಟ್ ಅಂಕ ಕಳಿಸಿದ್ದರು, ಅವರ 25ನೇ ಮತ್ತು 75ನೇ ಪರ್ಸೆಂಟೈಲ್ ಅಂಕ (ನೂರರಲ್ಲಿ 25 ಮತ್ತು 75 ಮಂದಿ ಅದಕ್ಕಿಂತ ಕೆಳಗಿರುವ ಅಂಕ) ಎಷ್ಟು ಎಂದಿರುತ್ತದೆ. ಸಿ7 ಎಂಬ ಭಾಗದಲ್ಲಿ ಅಂಕಪಟ್ಟಿ, ಪ್ರಬಂಧ, ಶಿಫಾರಸು ಪತ್ರ, ಪರೀಕ್ಷಾ ಅಂಕ ಇವುಗಳಲ್ಲಿ ಯಾವುದಕ್ಕೆ ಎಷ್ಟು ಮಹತ್ವ ಎಂಬುದನ್ನು ಗುರುತು ಹಾಕಿರುತ್ತಾರೆ. ಕೋಚಿಂಗ್‌ನವರ ಮಾತಿಗಿಂತ, ನನ್ನ ಮಾತಿಗಿಂತಲೂ, ಈ ಎರಡು ಪುಟ ಹೆಚ್ಚು ನಂಬಿಕೆಗೆ ಅರ್ಹ. ಓದುವಾಗ ಒಂದು ವಿಷಯ ನೆನಪಿರಲಿ: ಅಂಕ ಐಚ್ಛಿಕವಾದ ಮೇಲೆ ಹೆಚ್ಚು ಅಂಕ ಬಂದವರು ಮಾತ್ರ ಕಳಿಸುತ್ತಾರೆ, ಆದ್ದರಿಂದ ಅಲ್ಲಿ ಕಾಣುವ ಸಂಖ್ಯೆ ಸೇರಿದವರೆಲ್ಲರ ಮಟ್ಟಕ್ಕಿಂತ ಮೇಲಿರುತ್ತದೆ. ಅರ್ಧದಷ್ಟು ಮಂದಿ ಅಂಕವನ್ನೇ ಕಳಿಸದೆ ಸೇರಿದ್ದಾರೆ ಎಂದು ಕಂಡರೆ ಅದು ನಿಮಗೆ ಧೈರ್ಯ ಕೊಡುವ ಮಾಹಿತಿ.

ಅಂಕ 25ನೇ ಪರ್ಸೆಂಟೈಲಿಗಿಂತ ಮೇಲಿದ್ದರೆ ಕಳಿಸಿ, ಕೆಳಗಿದ್ದರೆ ಬಿಡಿ ಎಂಬುದು ಸಾಮಾನ್ಯ ಸಲಹೆ. ಇದನ್ನು ಕಣ್ಣು ಮುಚ್ಚಿ ಪಾಲಿಸುವುದೂ ತಪ್ಪು. ಡಾರ್ಟ್‌ಮತ್ ಕಾಲೇಜು 2024ರಲ್ಲಿ ಅಂಕವನ್ನು ಮತ್ತೆ ಕಡ್ಡಾಯ ಮಾಡಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದೇ ಇದು: ಸೌಲಭ್ಯವಿಲ್ಲದ ಹಿನ್ನೆಲೆಯಿಂದ ಬಂದ ಎಷ್ಟೋ ಮಕ್ಕಳು ತಮ್ಮ ಅಂಕ ಕಡಿಮೆಯೆಂದುಕೊಂಡು ಬಚ್ಚಿಟ್ಟಿದ್ದರು, ಅವರು ಓದಿದ ಶಾಲೆಯ ಪರಿಸ್ಥಿತಿಯ ಜೊತೆ ಇಟ್ಟು ನೋಡಿದ್ದರೆ ಅದೇ ಅಂಕ ಅವರಿಗೆ ನೆರವಾಗುತ್ತಿತ್ತು. ಅಂದರೆ ಅಧಿಕಾರಿಗಳು ಅಂಕವನ್ನು ಒಂಟಿಯಾಗಿ ಓದುವುದಿಲ್ಲ, ಅದು ಬಂದ ನೆಲದ ಜೊತೆ ಓದುತ್ತಾರೆ. ತಾಲೂಕು ಕೇಂದ್ರದ ಪಿಯು ಕಾಲೇಜಿನಿಂದ, ಸ್ಯಾಟ್ ಬರೆದವರೇ ಇಲ್ಲದ ಊರಿನಿಂದ, ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯ 1400 ಅಂಕಕ್ಕೆ ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಯ 1400ಕ್ಕಿಂತ ಬೇರೆ ಅರ್ಥವಿದೆ. ನನ್ನ ತೀರ್ಮಾನ ಹೀಗಿದೆ: ಈಗಿನ 1290ನ್ನು ಬೋಡನ್, ಬೇಟ್ಸ್‌ನಂಥ ಕಡೆ ಕಳಿಸಬೇಡಿ. ಮುಂದಿನ ಪ್ರಯತ್ನದಲ್ಲಿ ಒಟ್ಟು 1400 ದಾಟಿದರೆ, ಓದು–ಬರಹದಲ್ಲಿ 650ರ ಹತ್ತಿರ ಬಂದರೆ, ಕಳಿಸುವ ಬಗ್ಗೆ ಗಂಭೀರವಾಗಿ ಯೋಚಿಸಿ.

ಹಾಗಾದರೆ ಮತ್ತೆ ಬರೆಸಬೇಕು. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಹಲವು ಕಾಲೇಜುಗಳು ಬೇರೆ ಬೇರೆ ದಿನ ಬರೆದ ಪರೀಕ್ಷೆಗಳಿಂದ ಪ್ರತಿ ವಿಭಾಗದ ಅತ್ಯುತ್ತಮ ಅಂಕವನ್ನು ಆರಿಸಿ ಕೂಡಿಸುತ್ತವೆ. ಆದ್ದರಿಂದ ಗಣಿತದ 720 ಅವಳ ಕೈಯಲ್ಲಿ ಭದ್ರವಾಗಿದೆ, ಮುಂದಿನ ಮೂರು ತಿಂಗಳ ಶ್ರಮವನ್ನೆಲ್ಲ ಓದು–ಬರಹಕ್ಕೆ ಕೊಡಬಹುದು. ಈಗಿನ ಸ್ಯಾಟ್ ಕಂಪ್ಯೂಟರಿನಲ್ಲಿ ನಡೆಯುವ 2 ಗಂಟೆ 14 ನಿಮಿಷದ ಪರೀಕ್ಷೆ. ಓದು–ಬರಹದಲ್ಲಿ 32 ನಿಮಿಷದ ಎರಡು ಭಾಗಗಳಿದ್ದು ಒಂದೊಂದರಲ್ಲೂ 27 ಪ್ರಶ್ನೆಗಳಿರುತ್ತವೆ. ಮೊದಲ ಭಾಗದಲ್ಲಿ ಹೇಗೆ ಮಾಡಿದ್ದಾರೆ ಎಂಬುದನ್ನು ನೋಡಿ ಎರಡನೆಯ ಭಾಗ ಸುಲಭದ್ದೋ ಕಠಿಣದ್ದೋ ಎಂಬುದನ್ನು ಯಂತ್ರವೇ ನಿರ್ಧರಿಸುತ್ತದೆ. ಸುಲಭದ ಭಾಗ ಬಂದರೆ ಅದರಲ್ಲಿ ಎಲ್ಲವನ್ನೂ ಸರಿ ಮಾಡಿದರೂ ಅಂಕಕ್ಕೆ ಒಂದು ಮಿತಿ ಬೀಳುತ್ತದೆ. 570 ಬಂದಿರುವ ಮಗು ಬಹುಶಃ ಮೊದಲ ಭಾಗದಲ್ಲೇ ಎಡವಿ ಸುಲಭದ ದಾರಿಗೆ ಬಿದ್ದಿರುತ್ತದೆ. ಹೀಗಾಗಿ ಮೊದಲ 27 ಪ್ರಶ್ನೆಗಳಲ್ಲಿ ಅವಸರ ಮಾಡದೆ ತಪ್ಪು ಕಡಿಮೆ ಮಾಡುವುದೇ ಅವಳ ಮುಖ್ಯ ಅಭ್ಯಾಸವಾಗಲಿ.

ಆ ವಿಭಾಗದಲ್ಲಿ ಪ್ರತಿ ಪ್ರಶ್ನೆಗೂ 25ರಿಂದ 150 ಪದಗಳ ಸಣ್ಣ ಗದ್ಯಭಾಗವಿರುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಅತಿ ಬೇಗ ಅಂಕ ತರುವುದು ವ್ಯಾಕರಣ ಮತ್ತು ವಿರಾಮಚಿಹ್ನೆಯ ಪ್ರಶ್ನೆಗಳು. ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಅಲ್ಪವಿರಾಮ ಸಾಲದು, ಅಲ್ಲಿ ಅರ್ಧವಿರಾಮ ಬೇಕು. ಕರ್ತೃಪದ ಎಷ್ಟೇ ದೂರದಲ್ಲಿದ್ದರೂ ಕ್ರಿಯಾಪದ ಅದಕ್ಕೇ ಹೊಂದಬೇಕು. ಇಂಥ ಹದಿನೈದು–ಇಪ್ಪತ್ತು ನಿಯಮಗಳನ್ನು ನಮ್ಮ ಮಕ್ಕಳು ಗಣಿತದ ಸೂತ್ರಗಳಂತೆ ಕಲಿತುಬಿಡುತ್ತಾರೆ. ಶಬ್ದಾರ್ಥ ಮತ್ತು ತರ್ಕದ ಪ್ರಶ್ನೆಗಳು ನಿಧಾನ. ಅವಕ್ಕೆ ದಿನವೂ ಅರ್ಧ ಗಂಟೆ ವಿಜ್ಞಾನದ ಇಂಗ್ಲಿಷ್ ಲೇಖನ ಓದಿ, ಓದಿದ್ದರ ಸಾರವನ್ನು ಎರಡು ವಾಕ್ಯದಲ್ಲಿ ಬರೆಯುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಸ್ಯಾಟ್ ಪರೀಕ್ಷೆಯದೇ ಆದ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು, ಖಾನ್ ಅಕಾಡೆಮಿಯಲ್ಲಿ ಪಾಠಗಳು ಉಚಿತವಾಗಿ ಇವೆ. ಈ ಹಂತದಲ್ಲಿ ಕೋಚಿಂಗ್‌ಗೆ ಇನ್ನಷ್ಟು ಹಣ ಸುರಿಯಬೇಡಿ.

ಈಗ ಅಂಕದ ಬದಲಿಗೆ ನಿಲ್ಲಬೇಕಾದ ಪುರಾವೆಯ ಮಾತಿಗೆ ಬರುತ್ತೇನೆ. ವಾರಕ್ಕೆ ಇನ್ನೂರು ಪುಟ ಇಂಗ್ಲಿಷ್ ಓದಿ, ಹದಿನೈದು ದಿನಕ್ಕೊಂದು ಪ್ರಬಂಧ ಬರೆಯುವುದು ಈ ಹುಡುಗಿಯಿಂದ ಆಗುತ್ತದೆಯೇ ಎಂಬ ಪ್ರಶ್ನೆಗೆ ಅತ್ಯಂತ ಬಲವಾದ ಉತ್ತರ ಕೊಡಬಲ್ಲವರು ಅವಳ ಉಪನ್ಯಾಸಕರು. ನಮ್ಮ ಪಿಯು ಕಾಲೇಜುಗಳಿಂದ ಹೋಗುವ ಶಿಫಾರಸು ಪತ್ರಗಳನ್ನು ನಾನು ಬಹಳಷ್ಟು ಓದಿದ್ದೇನೆ. ನೂರಕ್ಕೆ ತೊಂಬತ್ತು ಒಂದೇ ಥರ: ಈ ವಿದ್ಯಾರ್ಥಿನಿ ನನಗೆ ಎರಡು ವರ್ಷದಿಂದ ಪರಿಚಯ, ಶಿಸ್ತುಳ್ಳವಳು, ವಿಧೇಯಳು, ತಪ್ಪದೆ ತರಗತಿಗೆ ಬರುತ್ತಾಳೆ, ಉಜ್ವಲ ಭವಿಷ್ಯ ಹಾರೈಸುತ್ತೇನೆ. ನಡತೆ ಪ್ರಮಾಣಪತ್ರಕ್ಕೆ ಇದು ಸಾಕು. ಪ್ರವೇಶಾತಿ ಅಧಿಕಾರಿಗೆ ಇದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಹೆಸರು ಬದಲಿಸಿದರೆ ಇದೇ ಪತ್ರ ಯಾರಿಗಾದರೂ ಹೊಂದುತ್ತದೆ. ಒಮ್ಮೆ ಒಬ್ಬ ಜೀವಶಾಸ್ತ್ರದ ಉಪನ್ಯಾಸಕರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಹುಡುಗ ತರಗತಿಯಲ್ಲಿ ನಿಮ್ಮನ್ನು ಯಾವತ್ತಾದರೂ ತಡೆದು ನಿಲ್ಲಿಸಿದ್ದುಂಟೇ? ಅವರು ಸ್ವಲ್ಪ ಯೋಚಿಸಿ, ಪಠ್ಯಪುಸ್ತಕದ ಒಂದು ಚಿತ್ರ ಅದರ ಕೆಳಗಿನ ವಿವರಣೆಗೆ ಹೊಂದುವುದಿಲ್ಲ ಎಂದು ಅವನು ತೋರಿಸಿದ್ದನ್ನೂ, ಮರುದಿನ ಗ್ರಂಥಾಲಯದಿಂದ ಇಂಗ್ಲಿಷ್ ಪುಸ್ತಕವೊಂದನ್ನು ತಂದು ಎಲ್ಲರೆದುರು ಓದಿ ವಿವರಿಸಿದ್ದನ್ನೂ ನೆನಪಿಸಿಕೊಂಡರು. ಅಷ್ಟನ್ನೇ ಬರೆಯಿರಿ ಎಂದೆ. ಆ ಅರ್ಧ ಪುಟ ಪತ್ರದಲ್ಲಿ ಹುಡುಗನ ಓದುವ ಶಕ್ತಿ ಯಾವ ಅಂಕಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತಿತ್ತು.

ನಿಮ್ಮ ಮಗಳೂ ಇಬ್ಬರು ಉಪನ್ಯಾಸಕರನ್ನು ಈಗಲೇ ಆರಿಸಿಕೊಳ್ಳಲಿ, ಅವರಲ್ಲಿ ಒಬ್ಬರು ಇಂಗ್ಲಿಷ್ ಕಲಿಸುವವರೇ ಆಗಿರಲಿ. ಹೋಗಿ ಪತ್ರ ಬರೆದುಕೊಡಿ ಎಂದು ಕೇಳಿದರೆ ಸಾಲದು. ತಮ್ಮ ತರಗತಿಯಲ್ಲಿ ತಾನು ಮಾಡಿದ ಎರಡು–ಮೂರು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಇವುಗಳಲ್ಲಿ ತಮಗೆ ನೆನಪಿರುವುದನ್ನು ಬರೆಯಬೇಕೆಂದು ವಿನಂತಿಸಲಿ. ಪತ್ರವನ್ನು ಅವರೇ ಬರೆಯಬೇಕು. ನಮ್ಮಲ್ಲಿ ವಿದ್ಯಾರ್ಥಿಯೇ ಬರೆದು ತಂದು ಸಹಿ ಹಾಕಿಸಿಕೊಳ್ಳುವ ರೂಢಿ ಕೆಲವೆಡೆ ಇದೆ, ಅದನ್ನು ಖಂಡಿತ ಮಾಡಬೇಡಿ. ಹತ್ತು ಪತ್ರ ಓದಿದ ಅಧಿಕಾರಿಗೆ ಹದಿನೇಳು ವರ್ಷದವರ ಇಂಗ್ಲಿಷ್ ಯಾವುದು, ಐವತ್ತು ವರ್ಷದವರ ಇಂಗ್ಲಿಷ್ ಯಾವುದು ಎಂದು ಕೂಡಲೇ ತಿಳಿಯುತ್ತದೆ. ಉಪನ್ಯಾಸಕರ ಇಂಗ್ಲಿಷಿನಲ್ಲಿ ಸಣ್ಣ ತಪ್ಪುಗಳಿದ್ದರೆ ಇರಲಿ, ಅದರಿಂದ ನಷ್ಟವಿಲ್ಲ.

ಜೊತೆಗೆ ಇಂಗ್ಲಿಷ್ ಉಪನ್ಯಾಸಕರ ಬಳಿ ಎರಡು–ಮೂರು ಪುಟದ ಪ್ರಬಂಧವೊಂದನ್ನು ಬರೆದು ತಿದ್ದಿಸಿ, ಅಂಕ ಮತ್ತು ಟಿಪ್ಪಣಿ ಹಾಕಿಸಿ ಇಟ್ಟುಕೊಳ್ಳಲಿ. ಪ್ರಿನ್ಸ್‌ಟನ್ ಇಂಥ ತಿದ್ದಿದ ಬರಹವನ್ನು ಎಲ್ಲರಿಂದಲೂ ಕೇಳುತ್ತದೆ. ಇನ್ನು ಕೆಲವು ಕಾಲೇಜುಗಳು ಕಳಿಸಿದರೆ ಸ್ವೀಕರಿಸುತ್ತವೆ. ನಮ್ಮ ಪಿಯು ಇಂಗ್ಲಿಷ್ ಪತ್ರಿಕೆಯಲ್ಲಿ ಪಾಠದ ಪ್ರಶ್ನೋತ್ತರವೇ ಹೆಚ್ಚು, ಸ್ವಂತ ವಾದ ಕಟ್ಟಿ ಬರೆಯುವ ಸಂದರ್ಭ ಕಡಿಮೆ. ಹಾಗಾಗಿ ಇದನ್ನು ಬೇಕೆಂದೇ ಮಾಡಿಸಿಕೊಳ್ಳಬೇಕು. ಟೋಫೆಲ್, ಐಇಎಲ್‌ಟಿಎಸ್ ಅಥವಾ ಡುವೊಲಿಂಗೊ ಇಂಗ್ಲಿಷ್ ಪರೀಕ್ಷೆಗಳಲ್ಲಿ ಒಂದನ್ನು ಬಹುತೇಕ ಕಾಲೇಜುಗಳು ಹೇಗೂ ಕೇಳುತ್ತವೆ. ಡುವೊಲಿಂಗೊ ಮನೆಯಲ್ಲೇ ಕುಳಿತು ಬರೆಯುವಂಥದ್ದು, ಖರ್ಚೂ ಕಡಿಮೆ. ಸ್ಯಾಟ್‌ನ 570 ಮುಚ್ಚಿಟ್ಟಾಗ ಈ ಪರೀಕ್ಷೆಯ ಒಳ್ಳೆಯ ಅಂಕ ಆ ಜಾಗವನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ.

ಅಂಕಪಟ್ಟಿಯ ವಿಷಯದಲ್ಲಿ ನಮ್ಮ ಮಕ್ಕಳಿಗೆ ತಮಗೇ ಗೊತ್ತಿಲ್ಲದ ಒಂದು ಅನುಕೂಲವಿದೆ. ಅಮೆರಿಕದ ಮಕ್ಕಳ ಹೈಸ್ಕೂಲು ಅಂಕಗಳನ್ನು ಅವರವರ ಶಾಲೆಯೇ ಕೊಡುತ್ತದೆ, ಅಲ್ಲಿ ನಮ್ಮ ಎಸ್ಸೆಸ್ಸೆಲ್ಸಿಯಂಥ ಸಾರ್ವಜನಿಕ ಪರೀಕ್ಷೆ ದೇಶಕ್ಕೆಲ್ಲ ಒಂದೆಂದು ಇಲ್ಲ. ಸ್ಯಾಟ್‌ಗೆ ಅಷ್ಟು ಮಹತ್ವ ಬಂದದ್ದಕ್ಕೆ ಇದೂ ಒಂದು ಕಾರಣ. ನಿಮ್ಮ ಮಗಳ 611 ಹೊರಗಿನವರು ತಿದ್ದಿದ, ರಾಜ್ಯದ ಲಕ್ಷಾಂತರ ಮಕ್ಕಳು ಬರೆದ ಪರೀಕ್ಷೆಯಲ್ಲಿ ಬಂದದ್ದು. ಆದರೆ ಇದನ್ನು ಓದುವ ಅಧಿಕಾರಿಗೆ ಯಾರಾದರೂ ಹೇಳಿದರೆ ತಾನೇ ತಿಳಿಯುವುದು? ದೊಡ್ಡ ಶಾಲೆಗಳು ಅರ್ಜಿಯ ಜೊತೆ ಸ್ಕೂಲ್ ಪ್ರೊಫೈಲ್ ಎಂಬ ಒಂದೆರಡು ಪುಟದ ಪರಿಚಯ ಕಳಿಸುತ್ತವೆ. ನಿಮ್ಮ ಕಾಲೇಜಿನಲ್ಲಿ ಅದು ಇರಲಾರದು. ಪ್ರಾಂಶುಪಾಲರ ಒಪ್ಪಿಗೆ ಪಡೆದು ಒಂದು ಪುಟ ಸಿದ್ಧಪಡಿಸಿ: ಕಾಲೇಜು ಯಾವ ಊರಿನಲ್ಲಿದೆ, ವಿಜ್ಞಾನ ವಿಭಾಗದಲ್ಲಿ ಎಷ್ಟು ಮಕ್ಕಳು, ಅವರ ಮನೆಯವರ ಉದ್ಯೋಗ ಸಾಮಾನ್ಯವಾಗಿ ಏನು, ಎಪಿಯಂಥ ಪಠ್ಯಕ್ರಮ ಇಲ್ಲ, ಪಾಸಾದವರಲ್ಲಿ ಹೆಚ್ಚಿನವರು ಎಲ್ಲಿಗೆ ಹೋಗುತ್ತಾರೆ, ತರಗತಿಯಲ್ಲಿ ನಿಮ್ಮ ಮಗಳ ಸ್ಥಾನ ಎಷ್ಟನೆಯದು. ಅರ್ಜಿಯಲ್ಲಿ ಕೌನ್ಸೆಲರ್ (ಶಾಲೆಯ ಮಾರ್ಗದರ್ಶಕರು) ಎಂಬ ಜಾಗದಲ್ಲಿ ಪ್ರಾಂಶುಪಾಲರೇ ಅಥವಾ ಅವರು ಹೇಳಿದ ಉಪನ್ಯಾಸಕರೇ ಸಹಿ ಮಾಡಬಹುದು, ಅದಕ್ಕೆ ಅಡ್ಡಿಯಿಲ್ಲ.

ಕನ್ನಡ ಮಾಧ್ಯಮದ ವಿಷಯವನ್ನು ಎಲ್ಲಿ ಹೇಳಬೇಕು ಎಂದು ಬಹಳ ಮಂದಿ ಕೇಳುತ್ತಾರೆ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ತಾಣವಾದ ಕಾಮನ್ ಆ್ಯಪ್‌ನಲ್ಲಿ ಸವಾಲುಗಳು ಮತ್ತು ಸನ್ನಿವೇಶಗಳನ್ನು ಹೇಳಿಕೊಳ್ಳಲು 250 ಪದಗಳ ಒಂದು ಪ್ರತ್ಯೇಕ ಜಾಗವಿದೆ. ಅಲ್ಲಿ ನಾಲ್ಕು ವಾಕ್ಯ ಸಾಕು: ಏಳನೇ ತರಗತಿಯವರೆಗೆ ಓದಿದ್ದು ಕನ್ನಡದಲ್ಲಿ, ಎಂಟನೇ ತರಗತಿಯಲ್ಲಿ ವಿಜ್ಞಾನದ ಪಠ್ಯ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಕೈಗೆ ಬಂತು, ಮೊದಲ ಕಿರುಪರೀಕ್ಷೆಯಲ್ಲಿ ಇಷ್ಟು ಬಂತು, ಎಸ್ಸೆಸ್ಸೆಲ್ಸಿಯಲ್ಲಿ ಅದೇ ವಿಷಯದಲ್ಲಿ ಇಷ್ಟು ಬಂತು. ಗೋಳು ಬೇಡ, ಕ್ಷಮೆ ಕೇಳುವುದೂ ಬೇಡ. ಎರಡು ಭಾಷೆಯಲ್ಲಿ ವಿಜ್ಞಾನ ಯೋಚಿಸಬಲ್ಲ ಹುಡುಗಿ ಅವಳು. ಅದನ್ನು ಕೊರತೆಯಂತೆ ಬರೆಯಬಾರದು. 650 ಪದಗಳ ಮುಖ್ಯ ಪ್ರಬಂಧದಲ್ಲಂತೂ ಸ್ಯಾಟ್ ಪರೀಕ್ಷೆಯ ಹೆಸರೇ ಬರದಿರಲಿ.

ಮುಖ್ಯ ಪ್ರಬಂಧದ ವಸ್ತು ನಿಮ್ಮ ಪತ್ರದಲ್ಲೇ ಇದೆ. ಆ ನೋಟ್‌ಬುಕ್ಕನ್ನು ಅರ್ಜಿಯಲ್ಲಿ ಹೇಳಬಹುದೇ ಎಂದು ನೀವು ಸಂಕೋಚದಿಂದ ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಮಗಳ ಇಡೀ ಅರ್ಜಿಯ ಬೆನ್ನೆಲುಬು ಅದೇ. ನಾಲ್ಕು ಮಳೆಗಾಲ, ದಿನದಿನದ ಮಳೆ, ಯಾವ ಸಾಲಿನ ಯಾವ ಮರದಲ್ಲಿ ಕಾಯಿ ಉದುರಿತು, ಅಡಿಕೆ ಮರ ಹತ್ತುವ ಕೊನೆಗೌಡರು ಬಂದು ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆದ ತಾರೀಖು ಯಾವುದು, ಎರಡನೆಯ ಸಲ ಹೊಡೆಯುವುದು ಮಳೆಯಿಂದ ಎಷ್ಟು ದಿನ ತಡವಾಯಿತು ಎಂಬ ದಾಖಲೆ ಹದಿನೇಳರ ಹುಡುಗಿಯ ಬಳಿ ಇದ್ದರೆ, ಅವಳು ಸಸ್ಯರೋಗಶಾಸ್ತ್ರದ ಕೆಲಸವನ್ನು ಆಗಲೇ ಶುರು ಮಾಡಿದ್ದಾಳೆ ಎಂದರ್ಥ. ಅವಳು ಮಾಡಬೇಕಾದ ಕೆಲಸ ಇನ್ನೊಂದಿದೆ. ಈ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ, ಮಳೆಗೂ ಕೊಳೆಗೂ ಇರುವ ಸಂಬಂಧವನ್ನು ನಕ್ಷೆಯಲ್ಲಿ ತೋರಿಸಿ, ತನಗೆ ಕಂಡದ್ದೇನು, ಅರ್ಥವಾಗದೆ ಉಳಿದದ್ದೇನು ಎಂದು ಐದಾರು ಪುಟ ಇಂಗ್ಲಿಷಿನಲ್ಲಿ ಬರೆಯಲಿ. ಇಂಗ್ಲಿಷ್ ಉಪನ್ಯಾಸಕರಿಂದ ತಿದ್ದಿಸಬೇಕೆಂದು ಮೇಲೆ ಹೇಳಿದ ಬರಹ ಇದೇ ಆಗಬಹುದು. ಎಲೆಚುಕ್ಕಿ ರೋಗವೂ ನಿಮ್ಮ ಭಾಗದಲ್ಲಿ ಹಬ್ಬಿರುವುದರಿಂದ ನೆರೆಯ ಮೂರು–ನಾಲ್ಕು ತೋಟಗಳಿಗೂ ಹೋಗಿ ನೋಡಿ ಬರೆದರೆ ಹೋಲಿಕೆಗೆ ದಾರಿಯಾಗುತ್ತದೆ.

ಅರ್ಜಿಯ ಚಟುವಟಿಕೆ ಪಟ್ಟಿಯಲ್ಲಿ ಪ್ರತಿ ಕೆಲಸದ ವಿವರಕ್ಕೆ ಇರುವುದು 150 ಅಕ್ಷರ ಮಾತ್ರ. ಅಲ್ಲಿ ಕೃಷಿಯಲ್ಲಿ ಆಸಕ್ತಿ, ತೋಟದ ಕೆಲಸದಲ್ಲಿ ನೆರವು ಎಂದು ಬರೆದರೆ ಎಲ್ಲ ಹೋಯಿತು. ನಾಲ್ಕು ಮಳೆಗಾಲ, ಇಷ್ಟು ಮರ, ದಿನವೂ ಮಳೆಯ ಅಳತೆ, ಸಿಂಪಡಣೆಯ ದಿನ ಗೊತ್ತುಮಾಡಲು ಅಪ್ಪ ಈಗ ಈ ಲೆಕ್ಕವನ್ನೇ ನೋಡುತ್ತಾರೆ ಎಂದು ಬರೆಯಬೇಕು, ಅದು ನಿಜವಾಗಿದ್ದರೆ. ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುವುದು, ಸುಗ್ಗಿಯಲ್ಲಿ ಅಡಿಕೆ ಸುಲಿಯುವುದು ಇಂಥವನ್ನೂ ಗಂಟೆಯ ಲೆಕ್ಕದೊಂದಿಗೆ ಅದೇ ಪಟ್ಟಿಯಲ್ಲಿ ಸೇರಿಸಿ. ಮನೆಕೆಲಸವನ್ನೂ ಅಲ್ಲಿ ಚಟುವಟಿಕೆಯೆಂದೇ ಪರಿಗಣಿಸುತ್ತಾರೆ. ಹಣ ಕೊಟ್ಟು ಕೊಳ್ಳುವ ಎರಡು ವಾರದ ಶಿಬಿರಗಳ ಪ್ರಮಾಣಪತ್ರ ನಿಮಗೆ ಬೇಡವೇ ಬೇಡ.

ಹಣದ ವಿಷಯವನ್ನು ನೀವು ಕೊನೆಗೆ ಕೇಳಿದ್ದೀರಿ, ಆದರೆ ಕಾಲೇಜುಗಳ ಪಟ್ಟಿ ಮಾಡುವಾಗ ಅದನ್ನೇ ಮೊದಲು ನೋಡಬೇಕು. ಇಂಥ ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕ, ಊಟ, ವಸತಿ ಸೇರಿ ವರ್ಷಕ್ಕೆ 85 ಸಾವಿರ ಡಾಲರಿಗೂ ಮಿಕ್ಕಿ ಆಗುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಬ್ರೌನ್, ಆಮ್ಹರ್ಸ್ಟ್, ಬೋಡನ್ ಮುಂತಾದ ಬೆರಳೆಣಿಕೆಯಷ್ಟು ಕಾಲೇಜುಗಳು ಮಾತ್ರ ಹೊರದೇಶದ ವಿದ್ಯಾರ್ಥಿಯನ್ನು ಆರಿಸುವಾಗ ಅವರಿಗೆ ನೆರವು ಬೇಕೋ ಬೇಡವೋ ಎಂದು ನೋಡುವುದಿಲ್ಲ, ಆರಿಸಿದ ಮೇಲೆ ಪೂರ್ತಿ ಅಗತ್ಯವನ್ನು ಭರಿಸುತ್ತವೆ. ಉಳಿದ ಕಡೆ ನೆರವು ಕೇಳಿದ್ದೇ ಆಯ್ಕೆಯ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಅಂಕ ಮತ್ತು ಪೂರ್ತಿ ನೆರವು ಎರಡೂ ಸೇರಿದರೆ ತೊಡಕು ಇಮ್ಮಡಿಯಾಗುತ್ತದೆ ಎಂಬುದನ್ನು ಮರೆಮಾಚಿ ನಿಮಗೆ ಧೈರ್ಯ ಹೇಳುವುದು ನ್ಯಾಯವಲ್ಲ. ಮೇಲಿನ ಎರಡು ಪಟ್ಟಿಗಳಲ್ಲಿ, ಅಂದರೆ ಅಂಕ ಐಚ್ಛಿಕವಾಗಿರುವ ಮತ್ತು ಆರಿಸುವಾಗ ನೆರವು ಬೇಕೇ ಎಂದು ನೋಡದ ಕಾಲೇಜುಗಳಲ್ಲಿ, ಎರಡರಲ್ಲೂ ಇರುವ ಬೋಡನ್‌ನಂಥದ್ದು ನಿಮಗೆ ಚಿನ್ನದಂಥದ್ದು, ಹಾಗೆಯೇ ಅಲ್ಲಿ ಸ್ಪರ್ಧೆಯೂ ಅತಿ ತೀವ್ರ. ಅದರ ಜೊತೆಗೆ ನೆರವಿಗೆ ಉದಾರವಾಗಿರುವ ಮೌಂಟ್ ಹೋಲ್ಯೋಕ್‌ನಂಥ ಮಹಿಳಾ ಕಾಲೇಜುಗಳನ್ನು ಸೇರಿಸಿ. ಕೆಂಟಕಿ ರಾಜ್ಯದ ಬೆರಿಯಾ ಕಾಲೇಜನ್ನೂ ಅವಳು ನೋಡಲಿ. ಅಲ್ಲಿ ಯಾರಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ಬದಲಿಗೆ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುತ್ತಾರೆ. ಒಟ್ಟು ಎಂಟು–ಹತ್ತು ಅರ್ಜಿ ಸಾಕು.

ನೆರವಿಗಾಗಿ ಸಿಎಸ್‌ಎಸ್ ಪ್ರೊಫೈಲ್ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು, ಕೆಲವು ಕಾಲೇಜುಗಳಿಗೆ ಅವುಗಳದೇ ನಮೂನೆ ಇರುತ್ತದೆ. ನಿಮ್ಮ ಫಾರಂ 16, ಆದಾಯ ತೆರಿಗೆ ವಿವರ, ಬ್ಯಾಂಕ್ ಪಾಸ್‌ಬುಕ್, ತೋಟದ ಪಹಣಿ, ಅಡಿಕೆ ಮಾರಿದ ಮಂಡಿಯ ಚೀಟಿಗಳು, ನಾಡಕಚೇರಿಯ ಆದಾಯ ಪ್ರಮಾಣಪತ್ರ ಇವನ್ನೆಲ್ಲ ಈಗಿನಿಂದಲೇ ಒಂದು ಫೈಲಿನಲ್ಲಿ ಇಟ್ಟು, ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಅನುವಾದಿಸಿ ಇಟ್ಟುಕೊಳ್ಳಿ. ಎರಡು ಎಕರೆ ಎಂದಾಕ್ಷಣ ದೊಡ್ಡ ಆಸ್ತಿ ಎಂದು ಅಲ್ಲಿನವರು ತಿಳಿಯದಂತೆ, ಇದು ಮಾರಿ ಹಣ ಮಾಡುವ ಆಸ್ತಿಯಲ್ಲ, ಮನೆ ನಡೆಯುವುದೇ ಇದರಿಂದ ಎಂದು ಎರಡು ಸಾಲಿನ ವಿವರಣೆ ಸೇರಿಸಿ. ಒಂದೇ ಕಾಲೇಜು ಸ್ಪಷ್ಟವಾಗಿ ಮೊದಲ ಆಯ್ಕೆಯಾದರೆ ನವೆಂಬರ್‌ನಲ್ಲಿ ಅರ್ಲಿ ಡಿಸಿಷನ್ ಅಡಿ ಹಾಕಬಹುದು. ಅದರಲ್ಲಿ ಆಯ್ಕೆಯಾದರೆ ಸೇರಲೇಬೇಕೆಂಬ ಒಪ್ಪಂದವಿದೆ, ಆದರೆ ಕೊಟ್ಟ ನೆರವು ಸಾಲದಿದ್ದರೆ ಬಿಡಿಸಿಕೊಳ್ಳಲು ಅವಕಾಶವಿದೆ. ಉಳಿದ ಅರ್ಜಿಗಳು ಜನವರಿ ಮೊದಲ ವಾರದ ಹೊತ್ತಿಗೆ ಹೋಗಬೇಕು.

ಸಿಇಟಿಯನ್ನು ಬಿಡಿಸಬೇಡಿ. ಅಮೆರಿಕದ ಕಾಲೇಜುಗಳ ಉತ್ತರ ಬರುವುದು ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದ ಹೊತ್ತಿಗೆ. ಸೇರುತ್ತೇನೆಂದು ಹೇಳಲು ಸಾಮಾನ್ಯವಾಗಿ ಮೇ 1 ಕಡೆಯ ದಿನ. ನಮ್ಮ ಸೀಟು ಹಂಚಿಕೆ ಅದಕ್ಕಿಂತ ತಡವಾಗಿ ನಡೆಯುವುದರಿಂದ ಎರಡಕ್ಕೂ ಘರ್ಷಣೆಯಿಲ್ಲ. ದ್ವಿತೀಯ ಪಿಯುಸಿ ಅಂಕ ಇಳಿದರೆ ಎರಡೂ ಕಡೆ ನಷ್ಟ, ಆದ್ದರಿಂದ ಸ್ಯಾಟ್‌ನ ಕಡೆಯ ಪ್ರಯತ್ನ ಅಕ್ಟೋಬರ್‌ಗೆ ಮುಗಿಯಲಿ. ನಿಮ್ಮ ತಾಲೂಕಿನಲ್ಲೇ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಬಿಎಸ್ಸಿ ಕೃಷಿಗೆ ಸಿಇಟಿ ಮೂಲಕ ಸೀಟು ಸಿಗುತ್ತದೆ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಿರುತ್ತದೆ. ಮಳೆ ಸ್ವಲ್ಪ ಹೊಳವಾದ ದಿನ ಅವಳು ನೋಟ್‌ಬುಕ್ ಹಿಡಿದುಕೊಂಡು ಅಲ್ಲಿಗೇ ಹೋಗಿ, ಸಸ್ಯರೋಗ ವಿಭಾಗದ ಪ್ರಾಧ್ಯಾಪಕರೊಬ್ಬರಿಗೆ ತನ್ನ ಲೆಕ್ಕ ತೋರಿಸಿ, ಎಲ್ಲಿ ತಪ್ಪಿದೆ ಎಂದು ಕೇಳಿ ಬರಲಿ.